ಕಾಲೇಜಿನ ಗೇಟಿಗೆ ಬಂದೂಕು ಬೇಕೆ?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಂಪ್ಯೂಟರ್ ಬಗ್ಗೆ, ನೌಕರಿ ಸಿಗುವ ಬಗ್ಗೆ ಮಾತಾಡು ಎಂದು ಗುರುಗಳು ಹೇಳಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ನಾಲ್ಕು ಮಂದಿ ಇದ್ದಾರೆ. ನಾನು ಬೇರೆ ಒಂದು ವಿಷಯ ಕೇಳಿಕೊಂಡೆ, ಅವರು ಒಪ್ಪಿದರು. ಕಾಲೇಜುಗಳ ಕಾವಲಿಗೆ ಬಂದೂಕು ಹಿಡಿದವರನ್ನು ನಿಲ್ಲಿಸಬೇಕೋ ಬೇಡವೋ ಎಂಬುದು ಆ ವಿಷಯ. ಇದು ಅಮೆರಿಕದ ಮಾತು, ಕೊಪ್ಪಳ, ಕುಷ್ಟಗಿಗೆ ಯಾಕೆ ಎನ್ನಬೇಡಿ. ಈಗ ನಮ್ಮ ಊರಿನ ಚಹಾದಂಗಡಿಯಲ್ಲಿಯೂ ಈ ಮಾತು ನಡೆಯುತ್ತಿದೆ.

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲಿ ಎಂಸಿಎ ಓದುತ್ತಿದ್ದ ಹೆಣ್ಣುಮಗಳೊಬ್ಬಳನ್ನು ಹಾಡಹಗಲೇ ಚಾಕುವಿನಿಂದ ಇರಿದು ಕೊಂದರು. ಪ್ರಕರಣ ನ್ಯಾಯಾಲಯಕ್ಕೆ ಹೋಗಿದೆ, ಅದರ ಒಳಹೊರಗನ್ನು ನಾನು ಮಾತಾಡುವುದಿಲ್ಲ. ಆದರೆ ಆ ಸಿಸಿಟಿವಿ ದೃಶ್ಯ ನಮ್ಮ ಜಿಲ್ಲೆಯ ಎಷ್ಟು ಮೊಬೈಲ್‌ಗಳಿಗೆ ಬಂತೋ ಅಷ್ಟೂ ಮನೆಗಳಲ್ಲಿ ಒಂದು ನಿರ್ಧಾರ ಅಲುಗಾಡಿತು. ಕೊಪ್ಪಳದಿಂದ ಹುಬ್ಬಳ್ಳಿ ಎರಡೂವರೆ ತಾಸಿನ ದಾರಿ. ಯಲಬುರ್ಗಾ, ಕುಷ್ಟಗಿ ಕಡೆಯ ಹುಡುಗಿಯರು ಬಿಇಗೂ ಎಂಸಿಎಗೂ ಹೆಚ್ಚಾಗಿ ಹೋಗುವುದು ಅಲ್ಲಿಗೇ. ನನ್ನ ಅಕ್ಕನ ಮಗಳೂ ಅಲ್ಲಿಗೇ ಹೋಗಬೇಕಿತ್ತು. ನಮ್ಮ ಮಾವ ಹೇಳಿದ್ದು ಇಷ್ಟು: "ಗೇಟಿನಾಗ ಗನ್‌ಮ್ಯಾನ್ ಇದ್ರ ಕಳಸ್ತೀನಿ, ಇಲ್ಲಾಂದ್ರ ಇಲ್ಲೇ ಡಿಗ್ರಿ ಮಾಡ್ಲಿ." ಅವರು ಕೆಟ್ಟವರಲ್ಲ, ಹಿಂದುಳಿದವರೂ ಅಲ್ಲ. ಮೆಕ್ಕೆಜೋಳದ ದುಡ್ಡಿನಲ್ಲಿ ಮೂರೂ ಮಕ್ಕಳನ್ನು ಓದಿಸಿದವರು. ಹೆದರಿದ್ದರು, ಅಷ್ಟೇ. ಹಾಗಾಗಿ ಅವರ ಮಾತನ್ನು ತಳ್ಳಿಹಾಕದೆ ಒಂದೊಂದಾಗಿ ಯೋಚಿಸಿ ನೋಡೋಣ.

ಮೊದಲು ಒಂದು ಸಂಗತಿ ಗೊತ್ತಿರಲಿ. ನಮ್ಮಲ್ಲಿ "ಕ್ಯಾಂಪಸ್ ಪೊಲೀಸ್" ಎಂಬ ಪಡೆಯೇ ಇಲ್ಲ. ಅಮೆರಿಕದಲ್ಲಿ ಇದೆ. ಯೇಲ್ ವಿಶ್ವವಿದ್ಯಾಲಯ 1894ರಲ್ಲೇ ಅದನ್ನು ಶುರು ಮಾಡಿತು. ಈಗ ಅಲ್ಲಿನ ದೊಡ್ಡ ಕಾಲೇಜುಗಳಲ್ಲಿ ಸುಮಾರು ಮುಕ್ಕಾಲು ಪಾಲು ಕಡೆ ಸೊಂಟಕ್ಕೆ ಪಿಸ್ತೂಲು ಕಟ್ಟಿದ ಪೊಲೀಸರು ಕಾಲೇಜಿನದೇ ಸಂಬಳ ತೆಗೆದುಕೊಂಡು ಓಡಾಡುತ್ತಾರೆ. ನಮ್ಮಲ್ಲಿ ಇರುವುದು ಖಾಸಗಿ ಏಜೆನ್ಸಿಯ ವಾಚ್‌ಮನ್. ಅವನ ಬದುಕನ್ನು ನಡೆಸುವ ಕಾನೂನು 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ. ಕೇಂದ್ರ ಸರ್ಕಾರದ ಮಾದರಿ ನಿಯಮದ ಪ್ರಕಾರ ಅವನಿಗೆ 100 ತಾಸು ಪಾಠ, 60 ತಾಸು ಮೈದಾನದ ತರಬೇತಿ ಆಗಬೇಕು. ಕಾಗದದ ಮೇಲೆ. ನಾನು ಬೆಂಗಳೂರಿನಲ್ಲಿ ಬಾಡಿಗೆಗಿರುವ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕುಷ್ಟಗಿ ತಾಲ್ಲೂಕಿನ ಒಬ್ಬ ಅಣ್ಣ ಕೆಲಸ ಮಾಡುತ್ತಾನೆ. ನಮ್ಮ ಕಡೆಯ ಭಾಷೆ ಕೇಳಿ ಪರಿಚಯವಾದದ್ದು. ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ಬಂದವನು. ತರಬೇತಿ ಎಷ್ಟು ದಿನ ಆಯಿತು ಎಂದು ಕೇಳಿದೆ. ನಕ್ಕ. "ಯೂನಿಫಾರ್ಮ್ ಅಳತಿ ತಗೊಂಡ್ರಲ್ಲ, ಅದೇ ಟ್ರೇನಿಂಗು" ಎಂದ. ಹನ್ನೆರಡು ತಾಸಿನ ಪಾಳಿ, ಬದಲಿಯವನು ಬರದಿದ್ದರೆ ಇಪ್ಪತ್ತನಾಲ್ಕು. ಬೆಳಗಿನ ಜಾವ ನಾಲ್ಕಕ್ಕೆ ಕುರ್ಚಿಯಲ್ಲಿ ತೂಕಡಿಸುವ ಆ ಅಣ್ಣನ ತೊಡೆಯ ಮೇಲೆ ಗುಂಡು ತುಂಬಿದ ಬಂದೂಕು ಇಟ್ಟು ನೋಡಿ. ಅವನನ್ನು ಅಲ್ಲಗಳೆಯುತ್ತಿಲ್ಲ. ಅವನ ಸ್ಥಿತಿಯಲ್ಲಿ ನಾನಿದ್ದರೂ ತೂಕಡಿಸುತ್ತಿದ್ದೆ.

ಬಂದೂಕನ್ನು ಹೇಗೆ ಇಡಬೇಕು ಎಂಬುದನ್ನು ನಾನು ಕಂಡದ್ದು ಎನ್‌ಸಿಸಿಯಲ್ಲಿ. ಪಿಯುಸಿಯಲ್ಲಿದ್ದಾಗ ಬಳ್ಳಾರಿ ಕಡೆ ಶಿಬಿರಕ್ಕೆ ಹೋಗಿದ್ದೆ. ನಮಗೆ .22 ರೈಫಲ್‌ನಲ್ಲಿ ಐದೇ ಐದು ಗುಂಡು ಹೊಡೆಯಲು ಕೊಟ್ಟರು. ಆ ಐದು ಗುಂಡಿಗಾಗಿ ಎರಡು ದಿನ ಖಾಲಿ ರೈಫಲ್ ಹಿಡಿದು ಮಲಗುವುದು, ಏಳುವುದು, ಉಸಿರು ಹಿಡಿಯುವುದು. ಹೊಡೆದ ಮೇಲೆ ಖಾಲಿ ತೋಟಾಗಳನ್ನು ಹುಲ್ಲಿನಲ್ಲಿ ಹುಡುಕಿ ಎಣಿಸಿ ಹವಾಲ್ದಾರರ ಕೈಗೆ ಕೊಡಬೇಕು. ನಮ್ಮ ಸಾಲಿನಲ್ಲಿ ಒಂದು ಕಡಿಮೆ ಬಂತು. ಊಟದ ಗಂಟೆ ಬಾರಿಸಿತು, ಯಾರನ್ನೂ ಬಿಡಲಿಲ್ಲ. ಒಂದು ತಾಸು ಮೊಣಕಾಲೂರಿ ಹುಡುಕಿ, ಕೊನೆಗೆ ಒಬ್ಬನ ಬೂಟಿನ ಅಡಿ ಮಣ್ಣಿನಲ್ಲಿ ಹೂತಿದ್ದು ಸಿಕ್ಕಿತು. ಅದು ಖಾಲಿ ತೋಟಾ ಅಷ್ಟೇ, ಬೆರಳಿನ ಉಗುರಿನಷ್ಟಿರುವ ಹಿತ್ತಾಳೆ ಚೂರು. ರೈಫಲ್‌ಗಳು ಸಂಜೆ ಸರಪಳಿ ಹಾಕಿ ಕೋಣೆಯೊಳಗೆ ಹೋದವು, ರಿಜಿಸ್ಟರಿನಲ್ಲಿ ಎರಡು ಸಹಿ, ಹೊರಗೆ ಕಾವಲು. ಸೈನ್ಯ ಬಂದೂಕನ್ನು ನಂಬುವುದು ಹೀಗೆ, ಅಂದರೆ ನಂಬದೇ ಇರುವುದರ ಮೂಲಕ. ಈ ಏರ್ಪಾಡು ಒಂದು ಪದವಿ ಕಾಲೇಜಿನ ಆಫೀಸಿನಲ್ಲಿ ಸಾಧ್ಯವೇ? ಹಾಲ್‌ಟಿಕೆಟ್ ಇಡುವ ಬೀರುವಿನ ಕೀಲಿ ಎಲ್ಲಿರುತ್ತದೆ ಎಂದು ನಮ್ಮ ಕಾಲೇಜುಗಳಲ್ಲಿ ಎಲ್ಲರಿಗೂ ಗೊತ್ತಿರುತ್ತದೆ.

ಕಾನೂನಿಗೂ ಈ ಅಂಜಿಕೆ ಮೊದಲಿನಿಂದ ಇದೆ. ಆನೆಗೊಂದಿ, ಗಂಗಾವತಿ ಕಡೆಯ ಬೆಟ್ಟಗಳಲ್ಲಿ ಕರಡಿ, ಚಿರತೆ, ಹೊಲಕ್ಕೆ ನುಗ್ಗುವ ಹಂದಿ ಎಲ್ಲ ಇವೆ. ಹಾಗಾಗಿ ಬೆಳೆ ರಕ್ಷಣೆಗೆಂದು, ಆತ್ಮರಕ್ಷಣೆಗೆಂದು ಲೈಸೆನ್ಸ್ ಇರುವ ಬಂದೂಕು ನಮ್ಮ ಭಾಗದ ಕೆಲವು ಮನೆಗಳಲ್ಲಿ ಇದೆ. ಪ್ರತಿ ಚುನಾವಣೆಗೂ ಅದನ್ನು ಠಾಣೆಗೆ ಒಯ್ದು ಜಮಾ ಮಾಡುವ ಪೇಚಾಟ ಅವರಿಗೇ ಗೊತ್ತು. ಆ ಲೈಸೆನ್ಸಿನ ಹಿಂದೆ ಸಣ್ಣಕ್ಷರದಲ್ಲಿ ಷರತ್ತುಗಳಿರುತ್ತವೆ. ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಸಾರ್ವಜನಿಕ ಸಭೆಗೆ ಆಯುಧ ಒಯ್ಯಬಾರದು. ಅದರ ಜೊತೆಗೇ, ಯಾವುದೇ ಶಿಕ್ಷಣ ಸಂಸ್ಥೆಯ ಆವರಣದೊಳಗೂ ಒಯ್ಯಬಾರದು, ವಿಶೇಷ ಅನುಮತಿ ಇದ್ದರೆ ಬೇರೆ ಮಾತು. ಜಾತ್ರೆಯನ್ನೂ ಶಾಲೆಯನ್ನೂ ಒಂದೇ ಸಾಲಿನಲ್ಲಿ ಇಟ್ಟವರಿಗೆ ಜನರ ಬಗ್ಗೆ ಏನೋ ತಿಳಿದಿತ್ತು ಅನ್ನಿಸುತ್ತದೆ. ಗವಿಮಠದ ಜಾತ್ರೆಯ ಗದ್ದಲದಲ್ಲಿ ಯಾರದೋ ಹೆಗಲಿಗೆ ಬಂದೂಕು ಇದ್ದರೆ ಹೇಗಿರುತ್ತದೆ ಎಂದು ಊಹಿಸಿದರೆ ಸಾಕು.

ಈಗ ನನ್ನ ವಾದಕ್ಕೆ ಅತಿ ಕಷ್ಟವಾದ ಪ್ರಸಂಗಕ್ಕೆ ಬರುತ್ತೇನೆ. 2005ರ ಡಿಸೆಂಬರ್ 28. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಪರೇಷನಲ್ ರಿಸರ್ಚ್ ವಿದ್ವಾಂಸರ ಸಮ್ಮೇಳನ ನಡೆದಿತ್ತು. ಸಂಜೆ ಏಳರ ಸುಮಾರಿಗೆ ಜೆ.ಎನ್. ಟಾಟಾ ಸಭಾಂಗಣದಿಂದ ಹೊರಬರುತ್ತಿದ್ದವರ ಮೇಲೆ ಎಕೆ-56ರಿಂದ ಗುಂಡು ಹಾರಿಸಿದರು. ಐಐಟಿ ದೆಹಲಿಯ ನಿವೃತ್ತ ಗಣಿತ ಪ್ರಾಧ್ಯಾಪಕ ಎಂ.ಸಿ. ಪುರಿ ತೀರಿಕೊಂಡರು. ಗಾಯಗೊಂಡವರಲ್ಲಿ ಪ್ರೊ. ವಿಜಯ್ ಚಂದ್ರು ಒಬ್ಬರು. ಕಡಿಮೆ ಬೆಲೆಯ ಕಂಪ್ಯೂಟರ್ ಹಳ್ಳಿಯವರ ಕೈಗೂ ಸಿಗಲಿ ಎಂದು 'ಸಿಂಪ್ಯೂಟರ್' ರೂಪಿಸಿದವರಲ್ಲಿ ಒಬ್ಬರು. ನಾನಾಗ ಪಿಯುಸಿ ಎರಡನೇ ವರ್ಷ. ಸಿಂಪ್ಯೂಟರ್ ಬಗ್ಗೆ ಪೇಪರಿನಲ್ಲಿ ಬಂದಿದ್ದನ್ನು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಂಡಿದ್ದೆ. ಎಂಜಿನಿಯರ್ ಆಗಬೇಕು ಎಂಬ ಆಸೆಗೆ ಅದೂ ಒಂದು ಕಾರಣ. ಅದೇ ಮನುಷ್ಯನಿಗೆ ಗುಂಡು ಬಿದ್ದ ಸುದ್ದಿ ಮರುದಿನ ಅದೇ ಪೇಪರಿನಲ್ಲಿ.

ಅಲ್ಲಿ ಗೇಟಿನಲ್ಲಿ ಬಂದೂಕು ಇದ್ದಿದ್ದರೆ? ಪ್ರಾಮಾಣಿಕವಾಗಿ ಹೇಳುತ್ತೇನೆ, ಅಂಥ ದಾಳಿಗೆ ಲಾಠಿ ಉತ್ತರವಲ್ಲ. ಆದರೆ ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವವರ ಹೆಗಲ ಮೇಲಿನ ಜೋಡುನಳಿಗೆಯೂ ಎಕೆ-56ಕ್ಕೆ ಉತ್ತರವಲ್ಲ. ಸುಮಾರು 400 ಎಕರೆಯ ಆವರಣ ಅದು. ದಾಳಿಕೋರ ಕೆಲವೇ ನಿಮಿಷದಲ್ಲಿ ಕತ್ತಲಲ್ಲಿ ಮಾಯವಾದ. ಅಂಥವನನ್ನು ಎದುರಿಸಲು ಬೇಕಾದದ್ದು ಅದಕ್ಕೆಂದೇ ವರ್ಷವಿಡೀ ತಯಾರಾಗುವ ಪಡೆ, ಅದಕ್ಕೂ ಮೊದಲು ಗುಪ್ತಚರ ಮಾಹಿತಿ. 2008ರ ಮುಂಬೈ ದಾಳಿಯ ನಂತರ ಕೇಂದ್ರ ಸರ್ಕಾರ ಸಿಐಎಸ್‌ಎಫ್ ಕಾಯ್ದೆಗೆ ತಿದ್ದುಪಡಿ ತಂದು ಖಾಸಗಿ ಸಂಸ್ಥೆಗಳಿಗೂ ಆ ಪಡೆಯನ್ನು ಕೊಡಲು ಶುರು ಮಾಡಿತು; 2009ರಲ್ಲಿ ಮೊದಲು ಪಡೆದದ್ದು ಬೆಂಗಳೂರಿನ ಇನ್ಫೋಸಿಸ್. ಖರ್ಚು ಕಂಪನಿಯದು. ನನ್ನ ಕೆಲಸದ ನಿಮಿತ್ತ ಅಂಥ ಗೇಟುಗಳನ್ನು ದಾಟಿದ್ದೇನೆ. ಮರಳ ಚೀಲದ ಹಿಂದೆ ನಿಂತ ಜವಾನನನ್ನು ಕಂಡು ನನಗೆ ಭಯವಾಗಲಿಲ್ಲ. ಅವನ ಹಿಂದೆ ತರಬೇತಿ ಇದೆ, ಪಾಳಿ ಇದೆ, ಮೇಲಧಿಕಾರಿ ಇದ್ದಾನೆ, ತಪ್ಪಿದರೆ ಕೇಳುವ ಕಾನೂನು ಇದೆ. ನಮ್ಮ ಜಿಲ್ಲೆಯ ಯಾವ ಕಾಲೇಜಿಗೆ ಇದನ್ನು ಕೊಳ್ಳುವ ಶಕ್ತಿ ಇದೆ? ತಳಕಲ್‌ನಲ್ಲಿ ಹೊಸದಾಗಿ ಶುರುವಾದ ಕೊಪ್ಪಳ ವಿಶ್ವವಿದ್ಯಾಲಯಕ್ಕೆ ಇನ್ನೂ ಸ್ವಂತ ಕಟ್ಟಡದ ಚಿಂತೆ.

ಭಯೋತ್ಪಾದಕರ ದಾಳಿ ಹಾಗಿರಲಿ. ಕಾಲೇಜಿನಲ್ಲಿ ನಡೆಯುವ ಹಿಂಸೆ ಹೆಚ್ಚಾಗಿ ಪರಿಚಿತರಿಂದಲೇ. 2015ರ ಮಾರ್ಚ್ 31ರ ರಾತ್ರಿ ಬೆಂಗಳೂರಿನ ಕಾಡುಗೋಡಿಯ ವಸತಿ ಕಾಲೇಜೊಂದರಲ್ಲಿ ಪಾವಗಡ ಕಡೆಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳು ನಾಡಪಿಸ್ತೂಲಿನ ಗುಂಡಿಗೆ ಬಲಿಯಾದಳು. ಆ ಪ್ರಕರಣದಲ್ಲಿ ಪೊಲೀಸರು ಬಂಧಿಸಿದ್ದು ಗೋಡೆ ಹಾರಿ ಬಂದವನನ್ನಲ್ಲ, ಅದೇ ಸಂಸ್ಥೆಯ ಅಟೆಂಡರನ್ನು. ಕೋಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ 2024ರ ಆಗಸ್ಟ್‌ನಲ್ಲಿ ಓದುತ್ತಿದ್ದ ವೈದ್ಯೆಯನ್ನು ಅತ್ಯಾಚಾರ ಮಾಡಿ ಕೊಂದ ಅಪರಾಧಕ್ಕೆ ಶಿಕ್ಷೆಯಾದವನು ಪೊಲೀಸರ ಜೊತೆ ಕೆಲಸ ಮಾಡುತ್ತಿದ್ದ ಸಿವಿಕ್ ವಾಲಂಟಿಯರ್. ಅವನು ಕಾವಲಿನ ಕಡೆಯವನೇ. ನಂತರ ಸುಪ್ರೀಂ ಕೋರ್ಟ್ ಅಲ್ಲಿಗೆ ಸಿಐಎಸ್‌ಎಫ್ ಕಳಿಸಿತು ನಿಜ. ಆದರೆ "ಕಾವಲಿಗೆ ಬಂದೂಕು ಕೊಡಿ" ಎನ್ನುವಾಗ ಕಾವಲಿನವನು ಯಾರು ಎಂಬ ಪ್ರಶ್ನೆ ಬಿಟ್ಟುಹೋಗುತ್ತದೆ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಒಂದು ರೂಢಿ ಇದೆ. ಯಾರಿಗೆ ಎಷ್ಟು ಅಧಿಕಾರ ಕೆಲಸಕ್ಕೆ ಬೇಕೋ ಅಷ್ಟೇ ಕೊಡುವುದು. ಮುಖ್ಯ ಸರ್ವರಿನ ಪೂರ್ತಿ ಪಾಸ್‌ವರ್ಡ್ ಹೊಸಬನಿಗೆ ಕೊಡುವುದಿಲ್ಲ, ಅವನು ಕಳ್ಳ ಎಂದಲ್ಲ, ಅವನ ಕೈ ಜಾರಬಹುದು, ಅವನ ಲ್ಯಾಪ್‌ಟಾಪ್ ಕಳುವಾಗಬಹುದು ಎಂದು. ಒಂದು ಕಾಲೇಜಿನ ಗೇಟಿನ ಇಪ್ಪತ್ತು ವರ್ಷ ತೆಗೆದುಕೊಳ್ಳಿ. ಎಕೆ-56 ಹಿಡಿದವನು ಬಹುಶಃ ಒಮ್ಮೆಯೂ ಬರುವುದಿಲ್ಲ. ಆದರೆ ಬೈಕ್ ಪಾರ್ಕಿಂಗ್ ಜಗಳ, ಗಣೇಶನ ಚಂದಾ ಜಗಳ, ಹಾಜರಾತಿ ಕೊರತೆಯ ಜಗಳ, ಹಾಸ್ಟೆಲ್ ಊಟದ ಮುಷ್ಕರ ಸಾವಿರ ಸಲ ಬರುತ್ತವೆ. ಬಂದೂಕು ಆ ಒಂದು ದಿನಕ್ಕಾಗಿ ತಂದದ್ದಾದರೂ ಈ ಸಾವಿರ ದಿನವೂ ಅಲ್ಲೇ ಇರುತ್ತದೆ.

ಇದನ್ನು ಅನುಭವಿಸಿ ನೋಡಿದ ಊರೊಂದು ಅಮೆರಿಕದಲ್ಲಿದೆ. ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ವಿರೋಧದ ನಡುವೆಯೂ 2015ರಲ್ಲಿ ತನ್ನ ಕಾವಲಿನ ಅಧಿಕಾರಿಗಳಿಗೆ ಪಿಸ್ತೂಲು ಕೊಟ್ಟಿತು. 2018ರ ಜೂನ್ 29ರಂದು ಆವರಣದ ಪಕ್ಕದ ಬಾರ್ ಮುಂದೆ ಹೊಡೆದಾಟ ಬಿಡಿಸಲು ಹೋದ ಜೇಸನ್ ವಾಷಿಂಗ್ಟನ್ ಎಂಬ ಅಂಚೆ ನೌಕರ, ಹಿಂದೆ ನೌಕಾಪಡೆಯಲ್ಲಿದ್ದವರು, ಅವರ ಗುಂಡಿಗೆ ಸತ್ತರು. ಅವರ ಬಳಿ ಒಂದು ಪಿಸ್ತೂಲು ಇತ್ತು, ತಳ್ಳಾಟದಲ್ಲಿ ಕೆಳಗೆ ಬಿತ್ತು. ಅದನ್ನು ಕಂಡವರು ಗುಂಡು ಹಾರಿಸಿದರು. ಅಧಿಕಾರಿಗಳ ಮೇಲೆ ಮೊಕದ್ದಮೆ ಹೂಡಲಿಲ್ಲ, ವಿಶ್ವವಿದ್ಯಾಲಯ ಪರಿಹಾರ ಕೊಟ್ಟಿತು, 2021ರಲ್ಲಿ ಗಸ್ತು ಬಂದೂಕಿಲ್ಲದೆ ನಡೆಯತೊಡಗಿತು. ಆವರಣದಲ್ಲಿ ಆಯುಧಗಳು ಹೆಚ್ಚಾದವೆಂದು ಮುಂದೆ ಕೆಲವು ಗಸ್ತಿಗೆ ಮತ್ತೆ ಬಂದೂಕು ಬಂತು. ಇದನ್ನೂ ಹೇಳಬೇಕು, ಇಲ್ಲದಿದ್ದರೆ ಅರ್ಧ ಕಥೆ ಹೇಳಿದಂತಾಗುತ್ತದೆ.

ಬಂದೂಕು ಇದ್ದರೂ ಸಾಲದು ಎನ್ನುವುದಕ್ಕೆ ಟೆಕ್ಸಾಸಿನ ಉವಾಲ್ಡೆ. 2022ರ ಮೇ 24ರಂದು ಪ್ರಾಥಮಿಕ ಶಾಲೆಯೊಳಗೆ ನುಗ್ಗಿದವನು 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ಅಲ್ಲಿಗೆ ಬಂದ ಶಸ್ತ್ರಸಜ್ಜಿತ ಅಧಿಕಾರಿಗಳು 376 ಮಂದಿ. ಅವನನ್ನು ಎದುರಿಸಲು ತೆಗೆದುಕೊಂಡದ್ದು 77 ನಿಮಿಷ. ಹೊರಗೆ ತಂದೆತಾಯಿಗಳು ಕೂಗಾಡುತ್ತಿದ್ದರು.

ವರ್ಜೀನಿಯಾ ಟೆಕ್ ಪ್ರಸಂಗ ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಕಾರಣಕ್ಕೆ. 2007ರ ಏಪ್ರಿಲ್ 16, ಸತ್ತವರು 32. ಅವರಲ್ಲಿ ತಮಿಳುನಾಡಿನಿಂದ ಹೋಗಿದ್ದ ಸಿವಿಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಜಿ.ವಿ. ಲೋಗನಾಥನ್ ಕೂಡ ಇದ್ದರು, ಪಾಠ ಮಾಡುತ್ತಿದ್ದಾಗಲೇ. ಆ ವಿಶ್ವವಿದ್ಯಾಲಯಕ್ಕೆ ಸ್ವಂತ ಸಶಸ್ತ್ರ ಪೊಲೀಸ್ ಇತ್ತು. ಕರೆ ಹೋದ ಮೂರೇ ನಿಮಿಷದಲ್ಲಿ ಬಂದರು. ಬಾಗಿಲಿಗೆ ಕೊಲೆಗಾರ ಸರಪಳಿ ಹಾಕಿದ್ದ. ಒಳಗೆ ಹೋಗುವಷ್ಟರಲ್ಲಿ ಮುಗಿದಿತ್ತು. ನಂತರ ವಿಚಾರಣಾ ಸಮಿತಿ ಕಂಡುಕೊಂಡದ್ದು ಇದು: ಆ ವಿದ್ಯಾರ್ಥಿಯ ವರ್ತನೆ ಸರಿಯಿಲ್ಲ ಎಂದು ಪಾಠ ಮಾಡುವವರಿಗೆ ಗೊತ್ತಿತ್ತು, ಹಾಸ್ಟೆಲ್‌ನವರಿಗೆ ಗೊತ್ತಿತ್ತು, ಪೊಲೀಸರಿಗೂ ಸ್ವಲ್ಪ ಗೊತ್ತಿತ್ತು. ಒಬ್ಬರಿಗೆ ಗೊತ್ತಿದ್ದದ್ದು ಇನ್ನೊಬ್ಬರಿಗೆ ತಲುಪಲಿಲ್ಲ.

ನಮ್ಮ ಕಾಲೇಜುಗಳಿಗೆ ಬೇಕಾದ ಪಾಠ ಇಲ್ಲಿದೆ ಎಂದು ನನಗನ್ನಿಸುತ್ತದೆ. ಹುಡುಗನೊಬ್ಬ ಹಿಂದೆ ಬಿದ್ದಿದ್ದಾನೆ, ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾನೆ, ಮೆಸೇಜ್ ಮಾಡಿ ಹೆದರಿಸುತ್ತಾನೆ ಎಂದು ಹುಡುಗಿ ಯಾರಿಗೆ ಹೇಳಬೇಕು? ಮನೆಯಲ್ಲಿ ಹೇಳಿದರೆ ಕಾಲೇಜು ಬಿಡಿಸುತ್ತಾರೆ. ಕಾಲೇಜಿನಲ್ಲಿ ಹೇಳಿದರೆ "ನೀನೇ ಸರಿಯಾಗಿರು" ಎನ್ನುತ್ತಾರೆ. ಠಾಣೆಗೆ ಹೋದರೆ ಊರಿಗೇ ಗೊತ್ತಾಗುತ್ತದೆ. ಮೂರೂ ಕಡೆ ಬಾಗಿಲು ಹಾಕಿದ ಮೇಲೆ ಗೇಟಿನಲ್ಲಿ ಗನ್‌ಮ್ಯಾನ್ ನಿಲ್ಲಿಸಿ ಏನು ಮಾಡುವುದು? ಚಾಕು ಜೇಬಿನಲ್ಲಿ ಬರುತ್ತದೆ, ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆ, ಗುಂಪಿನ ನಡುವೆ ಗುಂಡು ಹಾರಿಸುವ ಧೈರ್ಯ ಯಾವ ಗನ್‌ಮ್ಯಾನ್‌ಗೂ ಇರುವುದಿಲ್ಲ, ಇರಬಾರದು ಕೂಡ.

ಇನ್ನೊಂದು ಮಾತು ಹಿರಿಯರಿಗೆ. ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ರಜಾಕಾರರ ಕಾಲದಲ್ಲಿ ಮುಂಡರಗಿ ಶಿಬಿರಕ್ಕೆ ಹೋಗಿ ಬಂದೂಕು ಹಿಡಿದ ಹುಡುಗರ ಕಥೆ ನಿಮ್ಮ ಮನೆಗಳಲ್ಲಿ ಇರುತ್ತದೆ. ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರು ಕೇಳದವರು ಇಲ್ಲಿ ಕಡಿಮೆ. ಆದರೆ ವಿಮೋಚನೆಯಾಗಿ ನಾಲ್ಕೇ ವರ್ಷಕ್ಕೆ, 1952ರ ಸೆಪ್ಟೆಂಬರ್ ಮೊದಲ ವಾರ, ನಮ್ಮದೇ ರಾಜಧಾನಿ ಹೈದರಾಬಾದಿನಲ್ಲಿ ಮುಲ್ಕಿ ಚಳವಳಿಯ ವಿದ್ಯಾರ್ಥಿಗಳು ಬೀದಿಗಿಳಿದಾಗ ಸಿಟಿ ಕಾಲೇಜಿನ ಸುತ್ತ ಪೊಲೀಸರು ಗೋಲಿಬಾರ್ ಮಾಡಿದರು, ಜೀವಗಳು ಹೋದವು, ನ್ಯಾಯಮೂರ್ತಿ ಪಿಂಗಳಿ ಜಗನ್ಮೋಹನ ರೆಡ್ಡಿಯವರ ವಿಚಾರಣೆ ನಡೆಯಿತು. ಆಗ ಇದ್ದದ್ದು ನಿಜಾಮನಲ್ಲ, ನಾವೇ ಆರಿಸಿದ ಸರ್ಕಾರ. ಹುಡುಗರ ಗುಂಪು ಮತ್ತು ಬಂದೂಕು ಎದುರುಬದುರು ನಿಂತಾಗ ಏನಾಗುತ್ತದೆ ಎಂಬುದು ನಮಗೆ ಹೊರಗಿನಿಂದ ಬಂದ ಸುದ್ದಿಯಲ್ಲ.

ಹಾಗಾದರೆ ಮಾವನಿಗೆ ನಾನು ಏನು ಹೇಳಿದೆ? ಸುರಕ್ಷಿತ, ಹೆದರಬೇಡ ಎಂದು ಹೇಳಲಿಲ್ಲ, ಅದು ನನ್ನ ಕೈಯಲ್ಲಿಲ್ಲ. ಗನ್‌ಮ್ಯಾನ್ ಹುಡುಕುವ ಬದಲು ಅಕ್ಕನ ಮಗಳನ್ನೇ ಕರೆದುಕೊಂಡು ಹೋಗಿ ಕಾಲೇಜು ನೋಡಿ ಬರೋಣ ಎಂದೆ. ಮೂವರೂ ಹೋದೆವು. ಹಾಸ್ಟೆಲ್ ಗೋಡೆ ನೋಡಿದೆವು, ಬಸ್‌ಸ್ಟ್ಯಾಂಡಿನಿಂದ ಗೇಟಿನವರೆಗೆ ರಾತ್ರಿ ಎಂಟಕ್ಕೆ ನಡೆದೆವು. ಎಲ್ಲಿ ದೀಪ ಇಲ್ಲ ಎಂದು ಹುಡುಗಿಯೇ ಬರೆದುಕೊಂಡಳು. ದೂರು ಸಮಿತಿಯ ಮೇಡಂ ಯಾರು ಎಂದು ಕೇಳಿದೆವು. ಮೊದಲ ಎರಡು ಕಾಲೇಜುಗಳಲ್ಲಿ ನೋಟಿಸ್ ಬೋರ್ಡಿನಲ್ಲಿ ಹೆಸರು ಇತ್ತು, ಆ ಹೆಸರಿನವರು ನಿವೃತ್ತರಾಗಿದ್ದರು. ಮೂರನೆಯದರಲ್ಲಿ ಮೇಡಂ ಎದುರಿಗೇ ಸಿಕ್ಕರು, ತಮ್ಮ ಫೋನ್ ನಂಬರ್ ಹುಡುಗಿಗೆ ಕೊಟ್ಟರು, ಅಪ್ಪನಿಗಲ್ಲ. ಮಾವನಿಗೆ ಅದು ಮೊದಲು ಹಿಡಿಸಲಿಲ್ಲ. ವಾಪಸ್ ಬರುವಾಗ ಗದಗ ದಾಟಿದ ಮೇಲೆ, "ಆ ಮೇಡಂ ಇರೋ ಕಾಲೇಜೇ ಆಗ್ಲಿ ಬಿಡು" ಎಂದರು. ಈಗ ಅವಳು ಎರಡನೇ ವರ್ಷದಲ್ಲಿದ್ದಾಳೆ.

ನಮ್ಮ ಶಾಲೆಯ ಸಮಿತಿಗೂ ಒಂದು ವಿನಂತಿ. ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಸ್ವಲ್ಪ ಉಳಿದಿದೆ, ಕಮಾನು ಕಟ್ಟುವ ಮಾತು ನಡೆದಿದೆ. ಕಮಾನಿಗಿಂತ ಮೊದಲು ಶಾಲೆಯಿಂದ ಬಸ್ ನಿಲ್ಲುವ ತಿರುವಿನವರೆಗೆ ನಾಲ್ಕು ದೀಪ ಹಾಕಿಸೋಣ. ಎಸ್ಸೆಸ್ಸೆಲ್ಸಿ ಸಂಜೆ ತರಗತಿ ಮುಗಿಸಿ ಹೋಗುವ ಹುಡುಗಿಯರು ಆ ಕತ್ತಲನ್ನು ಓಡಿ ದಾಟುವುದನ್ನು ನಿನ್ನೆಯೂ ನೋಡಿದೆ. ಕಂಬಕ್ಕೆ ಜೆಸ್ಕಾಂಗೆ ಅರ್ಜಿ ಬರೆದು ತಂದಿದ್ದೇನೆ, ಹೊರಗೆ ಮೇಜಿನ ಮೇಲಿದೆ, ಸಹಿ ಹಾಕಿ ಹೋಗಿ. ಮಕ್ಕಳ ಕೋಲಾಟಕ್ಕೆ ತಡವಾಯಿತು ಎಂದು ಮೇಡಂ ಕೈಸನ್ನೆ ಮಾಡುತ್ತಿದ್ದಾರೆ.